ಬಿದ್ದ ಭಯಕ್ಕೆ ಹುಲ್ಲಿನ ಮೇಲೊಂದು ಮದ್ದು

ಬಚ್ಚಲಮನೆಯಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ನನ್ನ ತಂದೆ ಹೊರಗೆ ಓಡಾಡುವುದನ್ನೇ ಬಿಟ್ಟಿದ್ದರು. ವಯಸ್ಸು 72. ಮೂಳೆ ಮುರಿದಿರಲಿಲ್ಲ, ಆದರೆ ಧೈರ್ಯ ಕುಂದಿತ್ತು. ಮೆಲ್ಬರ್ನ್‌ನಲ್ಲಿರುವ ನನ್ನ ತಂಗಿಯ ಮನೆಗೆ ಹೋದಾಗಲೂ ಸೋಫಾ, ಟಿ.ವಿ., ಊಟ, ನಿದ್ದೆ ಇಷ್ಟೇ ಅವರ ದಿನಚರಿ. ಮಕ್ಕಳ ಮನೆಯಲ್ಲಿ ಆರು ತಿಂಗಳು ಇದ್ದುಬರಲು ಆಸ್ಟ್ರೇಲಿಯಕ್ಕೆ ಹೋಗುವ ನಮ್ಮ ಕಡೆಯ ಎಷ್ಟೋ ಹಿರಿಯರ ಪಾಡೂ ಇದೇ.

ರಜೆ ಹಾಕಿ ನಾನೂ ಅಲ್ಲಿಗೆ ಹೋಗಿದ್ದಾಗ, ತಂಗಿಯ ಯಜಮಾನರು ನಮ್ಮಿಬ್ಬರನ್ನೂ ಮನೆ ಹತ್ತಿರದ ಲಾನ್ ಬೌಲ್ಸ್ ಕ್ಲಬ್ಬಿಗೆ ಕರೆದೊಯ್ದರು. ನಾನು ಉರುಳಿಸಿದ ಮೊದಲ ಚೆಂಡು ನೇರವಾಗಿ ಹೋದಂತೆ ಕಂಡು, ಕೊನೆಯಲ್ಲಿ ಎಡಕ್ಕೆ ತಿರುಗಿ ಪಕ್ಕದವರ ಅಂಕಣ ಸೇರಿತು. ಬೆಂಚಿನ ಮೇಲೆ ಕುಳಿತಿದ್ದ ಅಪ್ಪ ನಕ್ಕರು. "ಇದು ನಮ್ಮ ಗೋಲಿಯಾಟ ಕಣೋ, ಚೆಂಡು ಮಾತ್ರ ದೊಡ್ಡದು" ಎಂದರು.

ಏನಿದು ಆಟ?

ಅಪ್ಪ ಹೇಳಿದ್ದು ಬಹುಮಟ್ಟಿಗೆ ಸರಿ. ನುಣ್ಣಗೆ ಕತ್ತರಿಸಿದ ಸಮತಟ್ಟಾದ ಹುಲ್ಲಿನ ಅಂಕಣ. ಅದರ ಉದ್ದ 31ರಿಂದ 40 ಮೀಟರ್. ಮೊದಲು 'ಜ್ಯಾಕ್' ಎಂಬ ಚಿಕ್ಕ ಚೆಂಡನ್ನು ದೂರಕ್ಕೆ ಉರುಳಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ದೊಡ್ಡ ಚೆಂಡುಗಳನ್ನು ಅದರ ಹತ್ತಿರಕ್ಕೆ ಉರುಳಿಸಬೇಕು. ಯಾರದು ಹತ್ತಿರವೋ ಅವರಿಗೆ ಅಂಕ. ದೊಡ್ಡ ಚೆಂಡು ಪೂರ್ತಿ ದುಂಡಗಿರುವುದಿಲ್ಲ, ಒಂದು ಮಗ್ಗುಲು ಬೇರೆ ಆಕಾರದಲ್ಲಿರುತ್ತದೆ. ಆದ್ದರಿಂದಲೇ ವೇಗ ಕಡಿಮೆಯಾದಂತೆ ಅದು ಒಂದು ಕಡೆಗೆ ಬಾಗುತ್ತದೆ. ಚಿಕ್ಕ ಗುರುತು ಯಾವ ಮಗ್ಗುಲಲ್ಲಿದೆಯೋ ಆ ಕಡೆಗೆ ಬಾಗುತ್ತದೆ ಎಂಬುದನ್ನು ನೆನಪಿಟ್ಟರೆ ಹೊಸಬರ ಅರ್ಧ ಗೊಂದಲ ತೀರಿತು.

ಇದು ಬರೀ ಮುದುಕರ ಆಟವೇನಲ್ಲ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ ಮತ್ತು ರೂಪಾ ರಾಣಿ ತಿರ್ಕಿ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕವನ್ನು 17–10ರಿಂದ ಸೋಲಿಸಿ ಚಿನ್ನ ಗೆದ್ದದ್ದು ನಿಮಗೆ ನೆನಪಿರಬಹುದು. ನಾಲ್ವರೂ ಮೂವತ್ತು ದಾಟಿದವರು.

ದೇಹಕ್ಕೆ ಏನು ಲಾಭ?

ಚೆಂಡು ಉರುಳಿಸುವಾಗ ಒಂದು ಕಾಲನ್ನು ಮುಂದಿಟ್ಟು, ಮಂಡಿ ಮತ್ತು ಸೊಂಟ ಬಗ್ಗಿಸಿ, ಕೈಯನ್ನು ಹಿಂದಿನಿಂದ ಮುಂದಕ್ಕೆ ತೂಗಬೇಕು. ನೋಡುವುದಕ್ಕೆ ಸುಲಭ. ಆದರೆ ಆ ಕ್ಷಣದಲ್ಲಿ ದೇಹದ ಭಾರ ಹೆಚ್ಚುಕಡಿಮೆ ಒಂದೇ ಕಾಲಿನ ಮೇಲಿರುತ್ತದೆ. ಬೀಳದಂತೆ ನಮ್ಮನ್ನು ಕಾಯುವುದು ಮೂರು ವ್ಯವಸ್ಥೆಗಳು: ಕಣ್ಣು, ಒಳಕಿವಿ, ಮತ್ತು ಪಾದ ಹಾಗೂ ಕೀಲುಗಳಿಂದ ಮೆದುಳಿಗೆ ಹೋಗುವ ಸಂದೇಶ. ಪ್ರತಿ ಚೆಂಡಿಗೂ ಇವು ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ. ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೂ ಕಸರತ್ತು ಸಿಗುತ್ತದೆ.

ಬಿದ್ದ ಹಿರಿಯರಿಗೆ ಮನೆಯವರು "ಸುಮ್ಮನೆ ಕೂತಿರಿ" ಎನ್ನುವುದು ಪ್ರೀತಿಯಿಂದಲೇ. ಆದರೆ ಕುಳಿತಷ್ಟೂ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ. ಅರವತ್ತೈದು ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು, ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ಚಟುವಟಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಬೌಲ್ಸ್ ನೆರವಾಗುವುದು ಮುಖ್ಯವಾಗಿ ಎರಡನೆಯದಕ್ಕೆ. ಅತ್ತಿಂದಿತ್ತ ನಡೆಯುವುದು ಇದ್ದರೂ, ಬಿರುಸಿನ ನಡಿಗೆಗೆ ಇದು ಬದಲಿಯಲ್ಲ.

ಮೊದಲ ದಿನದ ಎಚ್ಚರಿಕೆಗಳು

ಹಿಂದೆ ಬಿದ್ದವರು ಆಟಕ್ಕೆ ಇಳಿಯುವ ಮುನ್ನ, ಏಕೆ ಬಿದ್ದಿರಿ ಎಂಬುದನ್ನು ನಿಮ್ಮ ವೈದ್ಯರಲ್ಲಿ ಕೇಳಿ ತಿಳಿಯಿರಿ. ಕಣ್ಣಿನ ಪೊರೆ, ನಿದ್ದೆ ಮಾತ್ರೆ, ಹೆಚ್ಚಾದ ಬಿ.ಪಿ. ಮಾತ್ರೆ, ಇಳಿದ ಸಕ್ಕರೆ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಅದನ್ನು ಸರಿಪಡಿಸದೆ ಆಡಿ ಪ್ರಯೋಜನವಿಲ್ಲ.

* ಚೆಂಡಿನ ತೂಕ ಒಂದೂವರೆ ಕಿಲೋ ತನಕ ಇರುತ್ತದೆ. ಎರಡೂ ಕೈಗಳಿಂದ ಬಳಸಿ ಹಿಡಿದಾಗ ಹೆಬ್ಬೆರಳಿಗೆ ಹೆಬ್ಬೆರಳು, ನಡುಬೆರಳಿಗೆ ನಡುಬೆರಳು ತಾಗುವಂಥ ಚೆಂಡನ್ನು ಆರಿಸಿ.

* ಬೆನ್ನು ಬಗ್ಗಿಸಿ ಎಸೆಯಬೇಡಿ, ಮಂಡಿ ಬಗ್ಗಿಸಿ. ಇನ್ನೊಂದು ಕೈ ಮುಂದಿನ ಮಂಡಿಯ ಮೇಲಿರಲಿ. ಉಸಿರು ಬಿಗಿಹಿಡಿಯಬೇಡಿ.

* ಮಂಡಿ ಸವೆತ ಇರುವವರಿಗೆ, ಬಗ್ಗದೆಯೇ ಚೆಂಡು ಬಿಡಲು ಉದ್ದ ಹಿಡಿಕೆಯ ಸಾಧನವಿದೆ. ಸಂಕೋಚಪಡದೆ ಕೇಳಿ ಪಡೆಯಿರಿ.

* ಬಿ.ಪಿ. ಮಾತ್ರೆ ನುಂಗುವವರು ಬಗ್ಗಿ ತಟಕ್ಕನೆ ಏಳಬಾರದು, ತಲೆ ಸುತ್ತಬಹುದು.

* ಆಸ್ಟ್ರೇಲಿಯದ ಹಲವು ಕ್ಲಬ್ಬುಗಳಲ್ಲಿ ಬರಿಗಾಲಿನಲ್ಲಿ ಆಡುವ ರೂಢಿಯುಂಟು. ಸಕ್ಕರೆ ಕಾಯಿಲೆಯವರು ಮಾತ್ರ ಹಾಗೆ ಆಡಲೇಬಾರದು. ಪಾದದ ಸ್ಪರ್ಶ ಮಂದವಾಗಿದ್ದರೆ ಗಾಯವಾದದ್ದು ತಿಳಿಯುವುದೇ ಇಲ್ಲ. ಚಪ್ಪಟೆ ಅಡಿಯ ಶೂ ಧರಿಸಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿ ಹೋಗಬೇಡಿ, ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ.

* ಅಲ್ಲಿಯ ಬಿಸಿಲು ತೀಕ್ಷ್ಣ. ಟೋಪಿ, ನೀರು ಮರೆಯಬೇಡಿ.

* ಎದೆನೋವು, ಉಬ್ಬಸ, ಕಣ್ಣು ಕತ್ತಲೆ ಬಂದರೆ ಕೂಡಲೇ ಆಟ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಿರಿ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ದಿನವೂ ನಡೆಯುವ ನನಗೇನು ಎಂದು ಎರಡು ಗಂಟೆ ಆಡಿದೆ. ಮರುದಿನ ಮೆಟ್ಟಿಲಿಳಿಯಲು ಕಂಬಿ ಹಿಡಿಯಬೇಕಾಯಿತು. ರೂಢಿಯಿಲ್ಲದ ಸ್ನಾಯು ಭಾರ ಹೊತ್ತು ಹಿಗ್ಗಿದಾಗ ಇಂಥ ನೋವು ಒಂದೆರಡು ದಿನ ಕಾಣಿಸಿಕೊಂಡು ತಾನಾಗಿ ಹೋಗುತ್ತದೆ. ಕೀಲು ಊದಿದರೆ ಅಥವಾ ಆಡುವಾಗಲೇ ಚುಚ್ಚಿದಂತಾದರೆ ಅದು ಬೇರೆ ವಿಷಯ, ತೋರಿಸಿಕೊಳ್ಳಬೇಕು. ಮೊದಲ ದಿನ ಅರ್ಧ ಗಂಟೆ ಸಾಕು.

ಅಪ್ಪ ನನಗಿಂತ ಜಾಣರು. ಮೊದಲ ದಿನ ಉದ್ದ ಹಿಡಿಕೆ ಹಿಡಿದು ಆರೇ ಚೆಂಡು ಉರುಳಿಸಿ ಕುಳಿತುಬಿಟ್ಟರು. ಆಮೇಲೆ ವಾರಕ್ಕೆರಡು ದಿನ ಹೋಗತೊಡಗಿದರು. ಭಯ ಪೂರ್ತಿ ಹೋಗಿಲ್ಲ, ಬಚ್ಚಲಿನಲ್ಲಿ ಈಗಲೂ ಗೋಡೆಯ ಹಿಡಿಕೆ ಹಿಡಿಯುತ್ತಾರೆ. ಹಿಡಿಯಲೇಬೇಕು. ಆದರೆ ಬೀದಿಯ ತುದಿಯ ಅಂಗಡಿಗೆ ಒಬ್ಬರೇ ಹೋಗಿ ಹಾಲು ತಂದರೆಂದು ತಂಗಿ ಫೋನಿನಲ್ಲಿ ಹೇಳಿದಳು.

ನಮ್ಮ ಊರುಗಳಲ್ಲಿ ಇಂಥ ಅಂಕಣ ಸಿಗುವುದು ಕಷ್ಟ. ಅದಕ್ಕಾಗಿ ಕಾಯಬೇಕಿಲ್ಲ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ತಾಗಿಸಿಟ್ಟು ನಡೆಯುವುದು, ಪಕ್ಕದಲ್ಲಿ ಒಬ್ಬರಿದ್ದಾಗ ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಿನಲ್ಲಿ ಹತ್ತು ಎಣಿಸುವುದು, ಇಷ್ಟನ್ನು ಇವತ್ತೇ ಆರಂಭಿಸಬಹುದು. ಬಿದ್ದವರನ್ನು ಕೂರಿಸಿಡಬೇಡಿ, ಕೈಹಿಡಿದು ನಿಲ್ಲಿಸಿ.