ಇಂಗೆ ಔಯರ್‌ಬಾಖರ್

ಇಂಗೆ ಔಯರ್‌ಬಾಖರ್ (ಜನನ: 31 ಡಿಸೆಂಬರ್ 1934) ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಮೂಲದ ಅಮೆರಿಕನ್ ರಸಾಯನಶಾಸ್ತ್ರಜ್ಞೆ ಹಾಗೂ ಲೇಖಕಿ. ಬಾಲ್ಯದಲ್ಲಿ ನಾಜಿ ಶಿಬಿರದಲ್ಲಿ ಸೆರೆಯಾಗಿದ್ದು ಬದುಕುಳಿದ ಇವರು, ತಮ್ಮ ಅನುಭವವನ್ನು ಪುಸ್ತಕಗಳು ಮತ್ತು ಉಪನ್ಯಾಸಗಳ ಮೂಲಕ ಸಾರ್ವಜನಿಕರಿಗೆ ತಿಳಿಸುತ್ತ ಬಂದಿದ್ದಾರೆ.

ಬಾಲ್ಯ

ಇವರು ನೈಋತ್ಯ ಜರ್ಮನಿಯ ಕಿಪ್ಪೆನ್‌ಹೈಮ್ ಗ್ರಾಮದಲ್ಲಿ ಜನಿಸಿದರು. ಆ ಗ್ರಾಮದಲ್ಲಿ ಹುಟ್ಟಿದ ಕೊನೆಯ ಯಹೂದಿ ಮಗು ಇವರೇ. ತಂದೆ ಬರ್ಟೋಲ್ಡ್ ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಹೋರಾಡಿ ಗಾಯಗೊಂಡಿದ್ದ ಸೈನಿಕ. ಶೌರ್ಯಕ್ಕಾಗಿ ಅವರಿಗೆ 'ಕಬ್ಬಿಣದ ಶಿಲುಬೆ' ಪದಕ ದೊರೆತಿತ್ತು. ಆದರೂ 1938ರ ನವೆಂಬರ್‌ನಲ್ಲಿ ದೇಶದಾದ್ಯಂತ ಯಹೂದಿಗಳ ಮೇಲೆ ದಾಳಿ ನಡೆದಾಗ ತಂದೆ ಮತ್ತು ತಾತ ಇಬ್ಬರನ್ನೂ ಬಂಧಿಸಿ ಡಾಖೌ ಶಿಬಿರಕ್ಕೆ ಒಯ್ಯಲಾಯಿತು. ಕೆಲವು ವಾರಗಳ ನಂತರ ಅವರು ಬಿಡುಗಡೆಯಾದರು. 1939ರಲ್ಲಿ ಕುಟುಂಬವು ಯೆಬೆನ್‌ಹೌಸೆನ್ ಗ್ರಾಮದಲ್ಲಿದ್ದ ಅಜ್ಜಿಯ ಮನೆಗೆ ಬಂದು ನೆಲೆಸಿತು.

1941ರ ಸೆಪ್ಟೆಂಬರ್‌ನಿಂದ ಆರು ವರ್ಷ ತುಂಬಿದ ಯಹೂದಿಗಳೆಲ್ಲರೂ ಬಟ್ಟೆಯ ಮೇಲೆ ಹಳದಿ ನಕ್ಷತ್ರವನ್ನು ಧರಿಸಬೇಕೆಂಬ ಆಜ್ಞೆ ಜಾರಿಗೆ ಬಂದಿತು. ಇಂಗೆಗೆ ಆಗ ಆರು ವರ್ಷ. ಅದೇ ವರ್ಷದ ಕೊನೆಯಲ್ಲಿ ಅಜ್ಜಿಯನ್ನು ಲಾಟ್ವಿಯಾದ ರೀಗಾಕ್ಕೆ ಸಾಗಿಸಲಾಯಿತು. ಅವರು ಅಲ್ಲಿಯೇ ಹತರಾದರು.

ಶಿಬಿರದ ವರ್ಷಗಳು

1942ರ ಆಗಸ್ಟ್‌ನಲ್ಲಿ ಏಳು ವರ್ಷದ ಇಂಗೆಯನ್ನು ತಂದೆತಾಯಿಯರೊಡನೆ ಇಂದಿನ ಚೆಕ್ ಗಣರಾಜ್ಯದಲ್ಲಿರುವ ತೆರೇಸಿಯನ್‌ಷ್ಟಾಟ್ ಶಿಬಿರಕ್ಕೆ ಕಳುಹಿಸಲಾಯಿತು. ಈ ಶಿಬಿರಕ್ಕೆ ಒಟ್ಟು ಸುಮಾರು 1,40,000 ಯಹೂದಿಗಳನ್ನು ತರಲಾಗಿತ್ತು. ಅವರಲ್ಲಿ ಸುಮಾರು 33,000 ಮಂದಿ ಹಸಿವು ಮತ್ತು ರೋಗಗಳಿಂದ ಅಲ್ಲಿಯೇ ಸತ್ತರೆ, ಸುಮಾರು 88,000 ಮಂದಿಯನ್ನು ಆಷ್‌ವಿಟ್ಜ್ ಮುಂತಾದ ಸಂಹಾರ ಶಿಬಿರಗಳಿಗೆ ಸಾಗಿಸಲಾಯಿತು. ಇಂಗೆಯ ಆಪ್ತ ಗೆಳತಿ, ಬರ್ಲಿನ್ ನಗರದ ರೂತ್, ಹೀಗೆ ಆಷ್‌ವಿಟ್ಜ್‌ಗೆ ಹೋಗಿ ಕೊಲೆಯಾದ ಮಕ್ಕಳಲ್ಲಿ ಒಬ್ಬಳು. ಅಜ್ಜಿ ಕೊಟ್ಟಿದ್ದ 'ಮರ್ಲೀನ್' ಎಂಬ ಗೊಂಬೆಯನ್ನು ಇಂಗೆ ಶಿಬಿರದಲ್ಲಿ ಕೊನೆಯವರೆಗೂ ಕಾಪಾಡಿಕೊಂಡಿದ್ದರು. 1945ರ ಮೇ 8ರಂದು ಸೋವಿಯತ್ ಸೇನೆ ಶಿಬಿರವನ್ನು ವಿಮೋಚನೆಗೊಳಿಸಿತು. ಇಂಗೆಯ ತಂದೆತಾಯಿಯರೂ ಬದುಕುಳಿದರು.

ನಂತರದ ಜೀವನ

1946ರಲ್ಲಿ ಕುಟುಂಬವು ನ್ಯೂಯಾರ್ಕ್‌ಗೆ ವಲಸೆ ಹೋಯಿತು. ಶಿಬಿರವಾಸದ ಫಲವಾಗಿ ಅಂಟಿದ್ದ ಕ್ಷಯರೋಗವು ಇಂಗೆಯನ್ನು ಬಹುಕಾಲ ಹಾಸಿಗೆಯಲ್ಲಿರಿಸಿತು. ಸ್ಟ್ರೆಪ್ಟೊಮೈಸಿನ್ ಔಷಧದಿಂದ ಚೇತರಿಸಿಕೊಂಡ ಅವರು 1958ರಲ್ಲಿ ಕ್ವೀನ್ಸ್ ಕಾಲೇಜಿನಿಂದ ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, 38 ವರ್ಷ ವೃತ್ತಿಯಲ್ಲಿದ್ದರು. ಮುಂದೆ ಆ ಔಷಧವನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಆಲ್ಬರ್ಟ್ ಷಾಟ್ಜ್ ಅವರೊಡಗೂಡಿ ಒಂದು ಪುಸ್ತಕವನ್ನೂ ಬರೆದರು.

ಸಾಕ್ಷ್ಯ

ಬಾಲ್ಯದ ನೆನಪುಗಳನ್ನು ಕುರಿತ ಇವರ 'ಐ ಆಮ್ ಎ ಸ್ಟಾರ್' ಕೃತಿ 1986ರಲ್ಲಿ ಪ್ರಕಟವಾಯಿತು. ಅವಮಾನದ ಗುರುತಾಗಿದ್ದ ನಕ್ಷತ್ರವನ್ನೇ ಇವರು ಈ ಮಕ್ಕಳ ಪುಸ್ತಕದ ಹೆಸರಾಗಿಸಿದರು. ಆಷ್‌ವಿಟ್ಜ್ ವಿಮೋಚನೆಯ ದಿನವಾದ ಜನವರಿ 27ನ್ನು ವಿಶ್ವಸಂಸ್ಥೆಯು 2005ರಲ್ಲಿ ನರಮೇಧದ ಸ್ಮರಣೆಯ ಅಂತರರಾಷ್ಟ್ರೀಯ ದಿನವೆಂದು ಘೋಷಿಸಿತು. 2022ರಲ್ಲಿ ಅದೇ ದಿನ ಔಯರ್‌ಬಾಖರ್ ಜರ್ಮನಿಯ ಸಂಸತ್ತಿನಲ್ಲಿ ಮಾತನಾಡಿ, ರೂತ್‌ಳನ್ನು ಸ್ಮರಿಸಿದರು. ಯಹೂದಿ ದ್ವೇಷ ಮತ್ತೆ ತಲೆಯೆತ್ತುತ್ತಿದೆಯೆಂದು ಎಚ್ಚರಿಸಿದರು.

ಕನ್ನಡದಲ್ಲಿ ಇದಕ್ಕೆ ಸಮೀಪದ ವಸ್ತುವನ್ನು ನೇಮಿಚಂದ್ರರ 'ಯಾದ್ ವಶೇಮ್' ಕಾದಂಬರಿ ನಿರೂಪಿಸುತ್ತದೆ. ನಾಜಿ ಜರ್ಮನಿಯಿಂದ ಪಾರಾಗಿ ಬೆಂಗಳೂರಿಗೆ ಬಂದ ಯಹೂದಿ ಬಾಲಕಿ ಅದರ ನಾಯಕಿ.