ಓಡುತ್ತಿದೆಯಲ್ಲ, ಇನ್ನೇನು?

"ಕಾರು ಚೆನ್ನಾಗಿದೆಯಾ?" ಎಂದು ಯಾರನ್ನಾದರೂ ಕೇಳಿ ನೋಡಿ. ಹತ್ತರಲ್ಲಿ ಎಂಟು ಮಂದಿ ಕೊಡುವ ಉತ್ತರ ಒಂದೇ: "ಓಡ್ತಾ ಇದೆಯಲ್ಲ, ಇನ್ನೇನು?" ಮನುಷ್ಯ ನಡೆದಾಡುತ್ತಿದ್ದಾನೆ ಎಂದ ಮಾತ್ರಕ್ಕೆ ಆತನಿಗೆ ರಕ್ತದೊತ್ತಡ ಇಲ್ಲವೆಂದು ಹೇಳಲಾದೀತೇ? ಕಾರೂ ಹಾಗೆಯೇ. ಓಡುವ ಕಾರಿನೊಳಗೂ ಕಾಯಿಲೆ ಅಡಗಿರುತ್ತದೆ.

ಕೊತ್ತತ್ತಿಯನ್ನೇ ತೆಗೆದುಕೊಳ್ಳಿ. ಮಂಡ್ಯ ತಾಲೂಕಿನ ಹೋಬಳಿ ಕೇಂದ್ರ. ಸುತ್ತ ಕಬ್ಬು, ಭತ್ತ, ನಾಲೆಯ ನೀರು. ಒಂದು ಕಾಲದಲ್ಲಿ ಇಂತಹ ಊರುಗಳಲ್ಲಿ ಕಾರೆಂದರೆ ಒಂದೋ ಎರಡೋ ಮನೆಯವರ ಸೊತ್ತು. ಇಂದು ಹಾಗಿಲ್ಲ. ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ದುಡಿಯುವ ಮಗ ಕಳುಹಿಸಿದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ, ಹೊಸದಲ್ಲದಿದ್ದರೆ ಸೆಕೆಂಡ್ ಹ್ಯಾಂಡ್ ಕಾರನ್ನಾದರೂ ಕೊಳ್ಳುವವರು ಬಹಳ. ಅಜ್ಜಿಯನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯಲು, ಮಕ್ಕಳನ್ನು ಶಾಲೆಗೆ ಬಿಡಲು, ನೆಂಟರ ಮದುವೆಗೆ ಹೋಗಲು ಅದು ಬೇಕು. ಊರ ರಸ್ತೆಯಲ್ಲಿ ಕಬ್ಬಿನ ಗಾಡಿ, ಟ್ರ್ಯಾಕ್ಟರ್, ದನಗಳ ನಡುವೆ ಅದು ಓಡುವುದು ಗಂಟೆಗೆ ಮೂವತ್ತು, ನಲವತ್ತು ಕಿಲೋಮೀಟರ್ ವೇಗದಲ್ಲಿ.

ಹೀಗಿರುವಾಗ ಒಂದು ದಿನ ಮಗನನ್ನು ವಿಮಾನ ನಿಲ್ದಾಣದಿಂದ ಕರೆತರಲು ಇಡೀ ಕುಟುಂಬ ಬೆಂಗಳೂರಿಗೆ ಹೊರಡುತ್ತದೆ. ಕಾರು ಹೆದ್ದಾರಿಗೆ ಏರುತ್ತದೆ. ವೇಗ ನೂರಕ್ಕೆ ಮುಟ್ಟುತ್ತದೆ. ನಲವತ್ತರ ವೇಗದಲ್ಲಿ ಅಡಗಿದ್ದ ಕಾಯಿಲೆ ನೂರರ ವೇಗದಲ್ಲಿ ಹೊರಬೀಳುವುದು ಅಲ್ಲಿಯೇ.

ಎರಡು ರಸ್ತೆ, ಒಂದೇ ಕಾರು

ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಸುಮಾರು 118 ಕಿ.ಮೀ. ಉದ್ದದ ಈ ರಸ್ತೆಯಲ್ಲಿ ಮೊದಲ ತಿಂಗಳುಗಳಲ್ಲೇ ಅಪಘಾತಗಳು ಹೆಚ್ಚಿದವು. ಆ ಮೇಲೆ ಕಾರುಗಳ ವೇಗಕ್ಕೆ ಗಂಟೆಗೆ 100 ಕಿ.ಮೀ. ಮಿತಿ ಬಂತು. 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಲ್ಲಿಸಲಾಯಿತು. ನೂರರ ವೇಗವೆಂದರೆ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ನೀವು "ಅಯ್ಯೋ" ಎನ್ನುವಷ್ಟರಲ್ಲಿ ಅದು ಹತ್ತು ಮನೆಗಳ ಒಂದು ಬೀದಿಯನ್ನೇ ದಾಟಿರುತ್ತದೆ.

ಇನ್ನೊಂದು ನಾಲೆ ಬದಿಯ ರಸ್ತೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಮಂದಿ ಮೃತಪಟ್ಟದ್ದನ್ನು ಮಂಡ್ಯ ಜಿಲ್ಲೆಯವರು ಮರೆತಿಲ್ಲ. ಶಾಲೆ ಮುಗಿಸಿ ಮನೆಗೆ ಮರಳುತ್ತಿದ್ದ ಮಕ್ಕಳೂ ಅದರಲ್ಲಿದ್ದರು. ಆ ನಂತರವೂ ಕಾರುಗಳು ನಾಲೆಗೆ ಬಿದ್ದ ಸುದ್ದಿಗಳು ಬಂದಿವೆ. ಒಂದೊಂದು ಅಪಘಾತಕ್ಕೆ ಒಂದೊಂದು ಕಾರಣವಿರುತ್ತದೆ. ಎಲ್ಲವೂ ವಾಹನದ ದೋಷವಲ್ಲ. ಆದರೆ ನಾಲೆಯ ಏರಿಯ ಮೇಲೆ ಬ್ರೇಕ್ ಒಂದು ಕಡೆಗೆ ಎಳೆದರೆ, ಟಯರ್ ಸಿಡಿದರೆ, ಪಕ್ಕಕ್ಕೆ ಸರಿಯಲು ಮಣ್ಣಿನ ದಾರಿ ಇರುವುದಿಲ್ಲ. ಇರುವುದು ನೀರು. ಆದ್ದರಿಂದ ನಮ್ಮ ಕೈಯಲ್ಲಿರುವ ಕಾರಣಗಳನ್ನಾದರೂ ನಾವು ಮನೆಯಲ್ಲೇ ಇಲ್ಲವಾಗಿಸಬೇಕು.

ಮೊದಲು ಟಯರ್

ಇಡೀ ಕಾರು ನೆಲವನ್ನು ಮುಟ್ಟುವುದು ನಾಲ್ಕು ಅಂಗೈ ಅಗಲದ ಜಾಗದಲ್ಲಿ ಮಾತ್ರ. ಗಾಳಿ ಕಡಿಮೆಯಾದರೆ ಟಯರಿನ ಪಕ್ಕಗಳು ತಿರುಗಿದಾಗಲೆಲ್ಲ ಮಡಚಿ ಬಿಚ್ಚಿಕೊಳ್ಳುತ್ತವೆ. ಅದರಿಂದ ಬಿಸಿ ಹುಟ್ಟುತ್ತದೆ. ಊರೊಳಗೆ ಈ ಬಿಸಿ ತಿಳಿಯುವುದಿಲ್ಲ. ಬೇಸಿಗೆಯ ಮಧ್ಯಾಹ್ನ, ಐದು ಜನ, ಡಿಕ್ಕಿ ತುಂಬ ಸಾಮಾನು, ನೂರರ ವೇಗ - ಇವೆಲ್ಲ ಸೇರಿದಾಗ ಟಯರ್ ಸಿಡಿಯುತ್ತದೆ.

"ಹೆದ್ದಾರಿಗೆ ಹೋಗುವಾಗ ಗಾಳಿ ಸ್ವಲ್ಪ ಕಡಿಮೆ ಮಾಡಿಸಬೇಕು" ಎಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು, ಅಪಾಯಕಾರಿ ಕೂಡ. ಎಷ್ಟು ಗಾಳಿ ಇರಬೇಕೆಂದು ಕಾರು ತಯಾರಿಸಿದವರೇ ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತಾರೆ. ತುಂಬಿದ ಕಾರಿಗೆ ಬೇರೆಯೇ ಅಂಕಿ ಇರುವುದುಂಟು. ಟಯರ್ ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಹೊರಡುವಾಗಲೇ ಗಾಳಿ ನೋಡಿಸಬೇಕು. ಸ್ಟೆಪ್ನಿಗೂ ಗಾಳಿ ಹಾಕಿಸಿ. ಬೇಕಾದ ಹೊತ್ತಿಗೆ ಸ್ಟೆಪ್ನಿಯೇ ಪಂಕ್ಚರ್ ಆಗಿರುವುದು ಹೊಸ ಸುದ್ದಿಯೇನಲ್ಲ.

ಟಯರಿನ ಗೀರುಗಳ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂದು ನಿಯಮವಿದೆ. ಗೀರುಗಳ ನಡುವೆ ಸಣ್ಣ ದಿಬ್ಬಗಳಿರುತ್ತವೆ. ಟಯರ್ ಸವೆದು ಆ ದಿಬ್ಬಗಳ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ಮುಗಿಯಿತೆಂದು ತಿಳಿಯಿರಿ. ಕಡಿಮೆ ಓಡಿದ ಟಯರಿಗೂ ವಯಸ್ಸಾಗುತ್ತದೆ. ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳನ್ನು ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಂತೂ ಇದನ್ನು ಓದಲು ಮರೆಯಬಾರದು. ಹೊಳೆಯುವ ಕಪ್ಪು ಪಾಲಿಶ್ ನೋಡಿ ಮೋಸ ಹೋಗದಿರಿ. ಸಣ್ಣ ಬಿರುಕುಗಳಿವೆಯೇ, ಎಲ್ಲಾದರೂ ಉಬ್ಬಿದೆಯೇ ಎಂದು ಬೆರಳಿಟ್ಟು ನೋಡಿ.

ಬ್ರೇಕ್ ಮಾತಾಡುತ್ತದೆ

ಬ್ರೇಕ್ ಒಮ್ಮೆಲೇ ಕೈಕೊಡುವುದು ಅಪರೂಪ. ಅದು ಮೊದಲೇ ಹೇಳುತ್ತದೆ, ನಾವು ಕೇಳಿಸಿಕೊಳ್ಳುವುದಿಲ್ಲ. ಒತ್ತಿದಾಗ ಕೀರಲು ಸದ್ದು ಬಂದರೆ ಪ್ಯಾಡ್ ಸವೆದಿರಬಹುದು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂದರೆ ಅಂದೇ ಗ್ಯಾರೇಜಿಗೆ ಹೋಗಿ. ಪೆಡಲ್ ಮೊದಲಿಗಿಂತ ಆಳಕ್ಕೆ ಇಳಿದರೆ, ಮೆತ್ತಗಾದರೆ, ಕಾರು ಒಂದು ಪಕ್ಕಕ್ಕೆ ಎಳೆದರೆ "ನಾಳೆ ನೋಡೋಣ" ಎನ್ನಬೇಡಿ.

ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ತೇವ ಸೇರಿದ ದ್ರವ ಬಿಸಿಯಾದಾಗ ಬೇಗ ಕುದಿಯುತ್ತದೆ, ಆವಿಯ ಗುಳ್ಳೆಗಳಾಗುತ್ತವೆ. ಆಗ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಬೇಕು. ಕಾರು ಹೆಚ್ಚು ಓಡದಿದ್ದರೂ ಈ ಲೆಕ್ಕ ತಪ್ಪುವುದಿಲ್ಲ.

ಎಣ್ಣೆ, ನೀರು

ಎಂಜಿನ್ ಆಯಿಲ್ ನೋಡುವುದು ಅನ್ನದ ನೀರು ನೋಡುವಷ್ಟೇ ಸುಲಭ. ಮನೆಯ ಹೆಂಗಸರೂ ಮಕ್ಕಳೂ ಕಲಿಯಬಹುದು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಹೊರಗೆಳೆದು ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗಿಟ್ಟು ತೆಗೆಯಿರಿ. ಎಣ್ಣೆಯ ಗುರುತು ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿದ್ದರೆ ಎಂಜಿನ್ ಸವೆಯುತ್ತದೆ. ಮೇಲಿನ ಗೆರೆ ದಾಟಿದರೂ ಒಳ್ಳೆಯದಲ್ಲ.

ಕೂಲೆಂಟ್ ಕಡಿಮೆಯಾಯಿತೆಂದು ಹಲವರು ಬೋರ್‌ವೆಲ್ ನೀರು ತುಂಬಿಸುತ್ತಾರೆ. ಚಹಾ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ನೋಡಿಲ್ಲವೇ? ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನಿಧಾನವಾಗಿ ಓಡುವಾಗ ಹೇಗೋ ನಡೆಯುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ಕಾದು ಕೆಂಪಾಗುತ್ತದೆ. ಬಿಸಿಯ ಮುಳ್ಳು ಮೇಲೇರಿದರೆ ಎ.ಸಿ. ಆರಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಪೆಟ್ರೋಲಿನಲ್ಲಿ ಕಬ್ಬು

ಮಂಡ್ಯಕ್ಕೂ ಸಕ್ಕರೆಗೂ ಹಳೆಯ ನಂಟು. ಇಲ್ಲಿನ ಮೈಸೂರು ಸಕ್ಕರೆ ಕಂಪೆನಿ 1933ರಲ್ಲಿ ಆರಂಭವಾಯಿತು. ಇಂದು ಕಬ್ಬು ನಮ್ಮ ಕಾರಿನ ಟ್ಯಾಂಕಿಗೂ ಬಂದಿದೆ. ಕಬ್ಬು ಮತ್ತು ಧಾನ್ಯಗಳಿಂದ ತಯಾರಾಗುವ ಎಥನಾಲ್ ಅನ್ನು ಪೆಟ್ರೋಲಿಗೆ ಶೇ. 20ರಷ್ಟು ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಇದಕ್ಕೆ ತಕ್ಕಂತೆ ಕಾರುಗಳು ಬರತೊಡಗಿದ್ದು 2023ರಿಂದ. ಅದಕ್ಕಿಂತ ಹಳೆಯ ಕೆಲವು ವಾಹನಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಆದ್ದರಿಂದ ಹಳೆಯ ಕಾರಿನವರು ಸರ್ವಿಸ್ ಮಾಡಿಸುವಾಗ ಪೆಟ್ರೋಲ್ ಪೈಪುಗಳನ್ನು ನೋಡುವಂತೆ ಹೇಳಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಅದನ್ನು ಅಲಕ್ಷಿಸಬೇಡಿ.

ನಿಂತಲ್ಲೇ ನಿಂತ ಕಾರು

ಮಗ ರಜೆಗೆ ಬಂದಾಗ ಮಾತ್ರ ಹೊರಬರುವ ಕಾರುಗಳಿವೆ. ಉಳಿದ ದಿನ ಅವು ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿರುತ್ತವೆ. "ಓಡಿಲ್ಲ, ಹಾಗಾಗಿ ಹೊಸದರಂತಿದೆ" ಎಂದುಕೊಳ್ಳುತ್ತೇವೆ. ನಿಂತ ಕಾರೇ ಹೆಚ್ಚು ಕೆಡುತ್ತದೆ. ಬ್ಯಾಟರಿ ಇಳಿಯುತ್ತದೆ. ಟಯರ್ ಒಂದೇ ಕಡೆ ಒತ್ತಿಕೊಂಡಿರುತ್ತದೆ. ಎಥನಾಲ್ ತೇವ ಹೀರುವುದರಿಂದ ಟ್ಯಾಂಕಿನ ಪೆಟ್ರೋಲೂ ಹಳಸುತ್ತದೆ. ಗದ್ದೆ ಬದಿಯ ಮನೆಗಳಲ್ಲಂತೂ ಇಲಿಗಳು ಬಾನೆಟ್ ಒಳಗೆ ಗೂಡು ಕಟ್ಟಿ ವೈರುಗಳನ್ನು ಕಡಿಯುತ್ತವೆ. ವಾರಕ್ಕೊಮ್ಮೆಯಾದರೂ ಯಾರಾದರೂ ಬಾನೆಟ್ ತೆರೆದು ನೋಡಿ, ಕಾರನ್ನು ಹದಿನೈದು, ಇಪ್ಪತ್ತು ನಿಮಿಷ ಓಡಿಸಿ ತರಬೇಕು. ನಿಂತಲ್ಲೇ ಸ್ಟಾರ್ಟ್ ಮಾಡಿ ಆರಿಸಿದರೆ ಬ್ಯಾಟರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಕಾಣುವುದೂ ಕಾಣಿಸಿಕೊಳ್ಳುವುದೂ

ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ರಸ್ತೆಗಳಲ್ಲಿ ರಾತ್ರಿ ಕಾರು ಓಡಿಸಿದವರಿಗೆ ಗೊತ್ತು, ಹಿಂದೆ ದೀಪವಿಲ್ಲದ ಕಬ್ಬಿನ ಗಾಡಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಹೆಡ್‌ಲೈಟ್ ಮಸುಕಾಗಿದ್ದರೆ, ಮುಂದಿನ ಗಾಜಿನ ಮೇಲೆ ಧೂಳಿನ ಪದರವಿದ್ದರೆ ಕೇಳುವುದೇ ಬೇಡ. ಗಾಜನ್ನು ಒಳಗಿನಿಂದಲೂ ಒರೆಸಿ. ವೈಪರ್ ರಬ್ಬರ್ ಗಟ್ಟಿಯಾಗಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಿಸಿ. ಕೆಲವೇ ನೂರು ರೂಪಾಯಿಗಳ ಕೆಲಸವಿದು. ಧೂಳಿನ ರಸ್ತೆಯಲ್ಲಿ ಓಡುವ ಕಾರಿನ ಏರ್ ಫಿಲ್ಟರ್ ಬೇಗ ಮುಚ್ಚಿಕೊಳ್ಳುತ್ತದೆ, ಮೈಲೇಜ್ ಇಳಿಯುತ್ತದೆ. ಅದನ್ನೂ ಆಗಾಗ ಬಿಚ್ಚಿ ನೋಡಬೇಕು.

ವಾರಕ್ಕೆ ಹತ್ತು ನಿಮಿಷ

ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಮನೆಯ ಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡು ಇಷ್ಟನ್ನು ನೋಡಿ:

* ಐದೂ ಟಯರ್‌ಗಳು: ಗಾಳಿ, ಬಿರುಕು, ಚುಚ್ಚಿಕೊಂಡ ಮೊಳೆ.
* ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್‌ಗಳ ಮಟ್ಟ.
* ಬ್ಯಾಟರಿ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದೆಯೇ?
* ಎಲ್ಲ ದೀಪಗಳು. ಬ್ರೇಕ್ ದೀಪ ನೋಡಲು ಒಬ್ಬರು ಹಿಂದೆ ನಿಲ್ಲಬೇಕು.
* ಕಾರು ನಿಂತಿದ್ದ ನೆಲದ ಮೇಲೆ ಎಣ್ಣೆ, ನೀರು ತೊಟ್ಟಿಕ್ಕಿದೆಯೇ?
* ಹಿಂದಿನ ಸೀಟಿನದೂ ಸೇರಿ ಎಲ್ಲ ಬೆಲ್ಟ್‌ಗಳು ಸಲೀಸಾಗಿ ಬಂದು ಬೀಗ ಬೀಳುತ್ತವೆಯೇ?

ಸರ್ವಿಸ್ ಮಾಡಿಸಿದ ದಿನ, ಓಡಿದ ಕಿಲೋಮೀಟರ್, ಬದಲಿಸಿದ ಭಾಗ ಇವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಮೆಕ್ಯಾನಿಕ್ ತೆಗೆದ ಹಳೆಯ ಭಾಗವನ್ನು ತೋರಿಸುವಂತೆ ಕೇಳಿ. ಕೇಳುವುದು ಅನುಮಾನವಲ್ಲ, ನಿಮ್ಮ ಹಕ್ಕು. ವಿಮೆ ಮತ್ತು ಹೊಗೆ ತಪಾಸಣೆ ಪತ್ರ ಮುಗಿಯುವ ದಿನಾಂಕಗಳನ್ನೂ ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ.

ಕಾರು ತೊಳೆದು ಹೊಳೆಯುವಂತೆ ಮಾಡುವುದಕ್ಕೆ ನಾವು ಗಂಟೆಗಟ್ಟಲೆ ಸಮಯ ಕೊಡುತ್ತೇವೆ. ಅದನ್ನು ನೋಡುವುದು ಬೀದಿಯ ಜನ. ಟಯರು, ಬ್ರೇಕುಗಳನ್ನು ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ. ಆದರೆ ನಾಲೆಯ ಏರಿಯ ತಿರುವಿನಲ್ಲಿ, ಹೆದ್ದಾರಿಯ ನೂರರ ವೇಗದಲ್ಲಿ, ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿರುವ ಮಗುವನ್ನು ಕಾಯುವುದು ಅವೇ. ಮುಂದಿನ ಸಲ ಯಾರಾದರೂ "ಕಾರು ಚೆನ್ನಾಗಿದೆಯಾ?" ಎಂದು ಕೇಳಿದಾಗ "ಓಡ್ತಾ ಇದೆ" ಎನ್ನಬೇಡಿ. "ಈ ವಾರ ನೋಡಿದ್ದೇನೆ, ಚೆನ್ನಾಗಿದೆ" ಎನ್ನುವಂತಾಗಲಿ.