ಕೋಳಿ ರೆಕ್ಕೆಗೆ ಕರಾವಳಿಯ ಸಿಹಿಖಾರ

ಸಿಹಿ, ಹುಳಿ ಮತ್ತು ಖಾರ ಒಂದೇ ಪಾಕದಲ್ಲಿ ಕೂಡಿ, ಹುರಿದ ಕೋಳಿ ರೆಕ್ಕೆಯ ಮೇಲೆ ಹೊಳಪಾಗಿ ಅಂಟಿ ನಿಲ್ಲುವ ದಪ್ಪ ಸಾಸನ್ನು ಬಹುಮಂದಿ ಹೊರದೇಶದ ಅಡುಗೆಯೆಂದೇ ತಿಳಿದಿದ್ದಾರೆ. ಈ ತಿಳಿವಳಿಕೆ ಅರ್ಧ ಮಾತ್ರ ಸರಿ. ಕೋಳಿಯ ರೆಕ್ಕೆಯನ್ನೇ ಪ್ರತ್ಯೇಕ ತಿನಿಸಾಗಿ ಬಡಿಸುವ ಪದ್ಧತಿ ಅಮೆರಿಕದ ಬಫಲೊ ನಗರದ ಆಂಕರ್ ಬಾರ್‌ನಲ್ಲಿ 1964ರಲ್ಲಿ ಆರಂಭವಾಯಿತೆಂಬುದು ಪ್ರಚಲಿತ ಅಭಿಪ್ರಾಯವಾಗಿದ್ದು, ಅಲ್ಲಿನ ಮೂಲ ಸಾಸಿನಲ್ಲಿ ಖಾರ, ವಿನೆಗರ್ ಮತ್ತು ಬೆಣ್ಣೆಯೇ ಮುಖ್ಯವಾಗಿದ್ದವು. ಸಿಹಿಯನ್ನು ಮುಂದೆ ತಂದು ನಿಲ್ಲಿಸಿದ್ದು ಕೊರಿಯಾ ಮತ್ತು ಥಾಯ್ಲೆಂಡಿನಂಥ ಏಷ್ಯಾದ ಅಡುಗೆಗಳು. ಆದರೆ ಸಿಹಿ, ಹುಳಿ, ಖಾರಗಳನ್ನು ಹದವಾಗಿ ಬೆರೆಸುವ ವಿದ್ಯೆ ಬಂಟ್ವಾಳ ತಾಲೂಕಿನ ವಿಟ್ಲದ ಆಸುಪಾಸಿನ ಅಡುಗೆಮನೆಗಳಿಗೆ ಹೊಸದೇನೂ ಅಲ್ಲ. ಅನಾನಸು, ಮಾವಿನಹಣ್ಣು ಅಥವಾ ಹಾಗಲಕಾಯಿಗೆ ಹುಣಸೆ, ಬೆಲ್ಲ ಮತ್ತು ಹುರಿದ ಮೆಣಸನ್ನು ಸೇರಿಸಿ ಕುದಿಸುವ ಮೆಣಸ್ಕಾಯಿ, ಮೀನಿಗೆ ಹುಣಸೆಹುಳಿ ಮತ್ತು ಮೆಣಸನ್ನು ಕಡೆದು ಹಾಕುವ ಪುಳಿಮುಂಚಿ, ಇವೆರಡರ ನಡುವೆಯೇ ಈ ಸಾಸಿನ ಜಾಗವಿದೆ. ಇದಕ್ಕೆ ಅತಿ ಹತ್ತಿರದ ಮಾಂಸದಡುಗೆಯೆಂದರೆ ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನ ಹೆಸರಿನೊಂದಿಗೆ ಪ್ರಸಿದ್ಧವಾದ ಕೋಳಿ ಘೀ ರೋಸ್ಟ್. ಬ್ಯಾಡಗಿ ಮೆಣಸು, ಹುಣಸೆ ಮತ್ತು ಧಾರಾಳ ತುಪ್ಪದ ಆ ಮಸಾಲೆಗೆ ಅನೇಕರು ಚೂರು ಬೆಲ್ಲವನ್ನೂ ಹಾಕುತ್ತಾರೆ.

ಬೇಕಾದ ಸಾಮಗ್ರಿಗಳಲ್ಲಿ ಹಲವು ವಿಟ್ಲದ ಅಡಿಕೆ ತೋಟಗಳಲ್ಲಿಯೇ ಸಿಗುತ್ತವೆ. 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು, ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿರುವ ಸಂಸ್ಥೆ ಇದೇ ಊರಿನಲ್ಲಿದ್ದು, ಅಡಿಕೆಯ ನಡುವೆ ಕಾಳುಮೆಣಸು, ಕೊಕ್ಕೊ ಮುಂತಾದ ಮಿಶ್ರಬೆಳೆಗಳನ್ನು ಬೆಳೆಸುವ ಕ್ರಮದ ಬಗೆಗೂ ಅದು ಕೆಲಸ ಮಾಡಿದೆ. ಅಡಿಕೆ ಮರವನ್ನು ಹಬ್ಬಿದ ಬಳ್ಳಿಯ ಕಾಳುಮೆಣಸು, ತೋಟದ ಪೆಟ್ಟಿಗೆಯ ಜೇನು, ಅಂಗಳದ ಗಾಂಧಾರಿ ಮೆಣಸು, ಬೇಸಿಗೆಯಲ್ಲಿ ಒಣಗಿಸಿಟ್ಟ ಪುನರ್ಪುಳಿ ಇರುವ ಮನೆಯವರು ಬಾಟಲಿಯ ಸಾಸಿಗಾಗಿ ಅಂಗಡಿಗೆ ಹೋಗಬೇಕಾದ ಅಗತ್ಯ ನಿಜಕ್ಕೂ ಇಲ್ಲ. ಘಟ್ಟದ ಮೇಲಿನಿಂದ ಬರಬೇಕಾದ ಮುಖ್ಯ ವಸ್ತು ಬ್ಯಾಡಗಿ ಮೆಣಸು ಮಾತ್ರ.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ, 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಸುಕ್ಕುಗಟ್ಟಿದ ಮೆಣಸಿನಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆದ್ದರಿಂದಲೇ ಒಂದು ಹಿಡಿ ಮೆಣಸು ಹಾಕಿದರೂ ನಾಲಿಗೆ ಉರಿಯದೆ ಸಾಸು ಕಡುಗೆಂಪಾಗುತ್ತದೆ. ಖಾರಕ್ಕೆ ಹರೇಕಳದಂಥ ಊರ ಮೆಣಸನ್ನು ಸ್ವಲ್ಪ ಸೇರಿಸಿದರೆ ಸಾಕು. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ರಾಸಾಯನಿಕವೂ ಅದರ ಕೆಂಪು ಬಣ್ಣವೂ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ, ಕಡೆದ ಮಸಾಲೆಯನ್ನು ತುಪ್ಪದಲ್ಲಿ ತಾಳ್ಮೆಯಿಂದ ಹುರಿಯದೆ ಬರಿದೆ ನೀರಿನಲ್ಲಿ ಕುದಿಸಿದ ಸಾಸು ಬಣ್ಣದಲ್ಲಿ ಮಂಕಾಗಿಯೂ ರುಚಿಯಲ್ಲಿ ಹಸಿಯಾಗಿಯೂ ಉಳಿಯುತ್ತದೆ.

ಒಂದು ಕಿಲೋ ರೆಕ್ಕೆಗೆ 12 ಬ್ಯಾಡಗಿ ಮೆಣಸು, 3 ಅಥವಾ 4 ಖಾರದ ಮೆಣಸು, 2 ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, 1 ಚಮಚ ಕಾಳುಮೆಣಸು ಮತ್ತು ನಾಲ್ಕೈದು ಕಾಳು ಮೆಂತೆಯನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿದು, 8 ಎಸಳು ಬೆಳ್ಳುಳ್ಳಿ ಹಾಗೂ ಸಣ್ಣ ಲಿಂಬೆಯಷ್ಟು ನೆನೆಸಿದ ಹುಣಸೆಯೊಂದಿಗೆ ನುಣ್ಣಗೆ ಕಡೆಯಬೇಕು. ಮೆಣಸು ಕಪ್ಪಾದರೆ ಇಡೀ ಸಾಸು ಕಹಿಯಾಗುವುದರಿಂದ ಅದನ್ನು ಗರಿಗರಿಯಾದ ಕೂಡಲೇ ಇಳಿಸುವುದು ಒಳ್ಳೆಯದು. ದಪ್ಪ ತಳದ ಬಾಣಲೆಯಲ್ಲಿ 3 ದೊಡ್ಡ ಚಮಚ ತುಪ್ಪ ಕಾಯಿಸಿ, ಕಡೆದ ಮಸಾಲೆಯನ್ನು ಅಂಚಿನಲ್ಲಿ ತುಪ್ಪ ಬಿಡುವ ತನಕ ಹುರಿದ ಮೇಲೆ, ಅರ್ಧ ಲೋಟ ನೀರು, ಉಪ್ಪು ಮತ್ತು ಸುಮಾರು 60 ಗ್ರಾಂ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕುದಿಸಬೇಕು. ಜೋನಿಬೆಲ್ಲವೋ ಓಲೆಬೆಲ್ಲವೋ ಸಿಕ್ಕಿದರೆ ಪರಿಮಳ ಇನ್ನೂ ಚೆನ್ನ.

ಹುಣಸೆ ಮತ್ತು ಬೆಲ್ಲ ಒಟ್ಟಿಗೆ ಕುದಿಯುವಾಗ ನಡೆಯುವ ಕ್ರಿಯೆಯೇ ಈ ಅಡುಗೆಯ ತಿರುಳು. ಬೆಲ್ಲದ ಬಹುಭಾಗ ಸುಕ್ರೋಸ್ ಎಂಬ ಸಕ್ಕರೆಯಾಗಿದ್ದು, ಹುಳಿಯ ಜೊತೆಗೆ ಬಿಸಿಯಾದಾಗ ಅದರಲ್ಲೊಂದಂಶ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಹೀಗೆ ಒಡೆದ ಪಾಕ ತಣ್ಣಗಾದ ಮೇಲೆಯೂ ಹರಳುಗಟ್ಟದೆ ಹೊಳಪನ್ನು ಉಳಿಸಿಕೊಳ್ಳುತ್ತದೆ. ಫ್ರಕ್ಟೋಸ್ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕಂದತೊಡಗುತ್ತದೆ, ಸುಕ್ರೋಸ್‌ಗೆ ಸುಮಾರು 160 ಡಿಗ್ರಿ ಬೇಕು. ಜೇನಿನಲ್ಲಿ ಫ್ರಕ್ಟೋಸ್ ಹೆಚ್ಚಾಗಿರುವ ಕಾರಣ ಅದನ್ನು ಬೆಲ್ಲದ ಜೊತೆಗೇ ಕುದಿಸಿದರೆ ಬೇಗನೆ ಸೀದು ಹೋಗುತ್ತದೆ, ಪರಿಮಳವೂ ಹಾರುತ್ತದೆ. ಒಲೆಯಿಂದ ಇಳಿಸಿ, ಬಿಸಿ ಆರುತ್ತಾ ಬಂದಾಗ 1 ಚಮಚ ಬೆರೆಸುವುದೇ ಸರಿಯಾದ ಕ್ರಮ. ಆಯುರ್ವೇದವು ಜೇನನ್ನು ಬಿಸಿ ಮಾಡಬಾರದೆನ್ನುವುದರಿಂದ ಆ ನಿಯಮ ಪಾಲಿಸುವವರು ಬೆಲ್ಲವೊಂದನ್ನೇ ಬಳಸಬಹುದು, ರುಚಿಗೆ ಕೊರತೆಯಾಗದು. ಒಂದು ವರ್ಷ ತುಂಬದ ಮಕ್ಕಳಿಗಂತೂ ಜೇನು ಸೇರಿದ ಯಾವುದನ್ನೂ ಕೊಡಬಾರದು.

ರೆಕ್ಕೆಯಲ್ಲಿ ಮಾಂಸಕ್ಕಿಂತ ಚರ್ಮ, ಕೊಬ್ಬು ಮತ್ತು ಅಂಟುನಾರು ಹೆಚ್ಚು. ಚರ್ಮ ಸುಲಿದ ರೆಕ್ಕೆಗೆ ಈ ಸಾಸು ಒಗ್ಗುವುದಿಲ್ಲವಾದ್ದರಿಂದ ಮಾಂಸದಂಗಡಿಯಲ್ಲಿ ಚರ್ಮ ಉಳಿಸುವಂತೆ ಮೊದಲೇ ಹೇಳಬೇಕು. ಗಂಟಿನಲ್ಲಿ ಕತ್ತರಿಸಿದ ತುಂಡುಗಳ ನೀರನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರಸಿ, ಉಪ್ಪು ಮತ್ತು ಅರಶಿನ ಸವರಿ, ಎಣ್ಣೆಯಲ್ಲಿ ಕರಿಯಬಹುದು ಅಥವಾ ಕಾವಲಿಯ ಮೇಲೆ ಮಗುಚಿ ಮಗುಚಿ ಹುರಿಯಬಹುದು. ಮಾಂಸದ ಒಳಭಾಗ ಕನಿಷ್ಠ 74 ಡಿಗ್ರಿ ತಲುಪಿದರೆ ತಿನ್ನಲು ಸುರಕ್ಷಿತವಾದರೂ, ಅಂಟುನಾರು ಕರಗಿ ಮೆತ್ತಗಾಗಲು ರೆಕ್ಕೆಗೆ ಅದಕ್ಕಿಂತ ಹೆಚ್ಚಿನ ಬೇವು ಬೇಕು. ಸಾಸನ್ನು ಮೊದಲೇ ಹಚ್ಚಿ ಹುರಿದರೆ ಒಳಗೆ ಬೇಯುವ ಮೊದಲೇ ಸಿಹಿ ಹೊರಗೆ ಕರಟುತ್ತದೆ. ಬೆಂದ ರೆಕ್ಕೆಯನ್ನು ಬಿಸಿಯಿರುವಾಗಲೇ ಸಾಸಿನಲ್ಲಿ ಹೊರಳಿಸಬೇಕು.

ರುಚಿ ನೋಡುವುದಕ್ಕೂ ಒಂದು ಹೊತ್ತಿದೆ. ನಾಲಿಗೆಯ ನರಗಳಲ್ಲಿ ಖಾರವನ್ನು ಗುರುತಿಸುವ ಗ್ರಾಹಕವೇ ಬಿಸಿಯನ್ನೂ ಗುರುತಿಸುತ್ತದೆ. ಈ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಕುದಿಯುವ ಸಾಸನ್ನು ನೆಕ್ಕಿ ನೋಡಿದಾಗ ಖಾರ ಇರುವುದಕ್ಕಿಂತ ಹೆಚ್ಚಾಗಿ ತೋರಿ, ಅದನ್ನು ಇಳಿಸಲೆಂದು ಬೆಲ್ಲ ಸುರಿಯುವ ತಪ್ಪು ಆಗುವುದು ಇದರಿಂದಲೇ. ಉಗುರುಬೆಚ್ಚಗಾದ ಮೇಲೆ ನೋಡಿ, ಸಿಹಿ ಮುಂದಾಗಿದ್ದರೆ ಪುನರ್ಪುಳಿ ನೆನೆಸಿದ ನೀರನ್ನೂ, ಖಾರ ಸಾಲದಿದ್ದರೆ ಜಜ್ಜಿದ ಗಾಂಧಾರಿ ಮೆಣಸನ್ನೂ ಸೇರಿಸಬಹುದು. ಮಿಕ್ಕ ಸಾಸಿನಲ್ಲಿ ಬೆಳ್ಳುಳ್ಳಿ ಮತ್ತು ತುಪ್ಪ ಇರುವುದರಿಂದ ಅದನ್ನು ಹೊರಗಿಡದೆ, ಒಣಗಿದ ಗಾಜಿನ ಭರಣಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟು, ಒಂದು ವಾರದೊಳಗೆ ಮುಗಿಸಬೇಕು. ಮೊದಲ ಸಲ ಮಾಡುವವರು ಬೆಲ್ಲವನ್ನು ಹೇಳಿದ ಅಳತೆಯ ಅರ್ಧಕ್ಕೆ ಇಳಿಸಿ ಆರಂಭಿಸಲಿ, ಉಳಿದರ್ಧವನ್ನು ರುಚಿ ನೋಡಿದ ಮೇಲೆ ಸೇರಿಸಿಕೊಳ್ಳಲಿ.